ವಾರ್ಡಿನ ಸುದ್ದಿ ಕಳಿಸುವವರಿಗೆ: ಬಳ್ಳಾರಿಯ ಓಣಿಗೆ ಪಾಲಿಕೆಯ ಮಾಹಿತಿ ಮುಟ್ಟಿಸುವ ಬಗೆ

"ನಮ್ಮ ಓಣಿ ರಸ್ತೆ ಸ್ಯಾಂಕ್ಷನ್ ಆಯ್ತು." ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಇಂಥ ಒಂದು ಸಾಲು ಬಿದ್ದರೆ ಸಾಕು, ಕೈಮುಗಿದ ಚಿತ್ರಗಳ ಸಾಲೇ ಬರುತ್ತದೆ. ಆರು ತಿಂಗಳಾದ ಮೇಲೆ ಅದೇ ಜನ ಕಳಿಸಿದವರನ್ನು ಹಿಡಿದು ಕೇಳುತ್ತಾರೆ. ಸ್ಯಾಂಕ್ಷನ್ ಅನ್ನುವ ಒಂದೇ ಪದದಲ್ಲಿ ಪಾಲಿಕೆಯ ಐದಾರು ಹಂತ ಕಲಸಿಹೋಗಿರುವುದೇ ಇದಕ್ಕೆ ಕಾರಣ. ಆ ಹಂತಗಳನ್ನು ಬಿಡಿಸಿ ಬರೆಯುವುದು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಕಾಮಗಾರಿ ಮೊದಲು ಕ್ರಿಯಾ ಯೋಜನೆಯಲ್ಲಿ ಸೇರಬೇಕು. ಸಾಮಾನ್ಯ ಸಭೆ ಒಪ್ಪಿದರೂ ಅದು ಪಟ್ಟಿಯಷ್ಟೇ. ಆಮೇಲೆ ಇಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ, ಅದಕ್ಕೆ ತಾಂತ್ರಿಕ ಮಂಜೂರಾತಿ ಸಿಗಬೇಕು. ನಂತರ ಟೆಂಡರ್. ಟೆಂಡರ್ ಕರೆದ ಮಾತ್ರಕ್ಕೆ ಗುತ್ತಿಗೆದಾರ ಸಿಕ್ಕ ಹಾಗಲ್ಲ. ಯಾರೂ ಹಾಕದೆ ಮರುಟೆಂಡರ್ ಆಗುವುದುಂಟು. ಕಾರ್ಯಾದೇಶ, ಅಂದರೆ ಕೆಲಸ ಶುರು ಮಾಡಿ ಎಂಬ ಲಿಖಿತ ಆದೇಶ, ಕೈಗೆ ಬಂದಾಗಲೇ ಗುತ್ತಿಗೆದಾರರ ಹೆಸರು, ಮೊತ್ತ, ಮುಗಿಸುವ ಅವಧಿ ಮೂರೂ ಖಚಿತ. ಕೆಲಸ ನಡೆದ ಮೇಲೆ ಅಳತೆ ಪುಸ್ತಕದಲ್ಲಿ, ಅಂದರೆ ಎಂ.ಬಿ.ಯಲ್ಲಿ, ದಾಖಲಾಗಿ ಬಿಲ್ ಆಗುತ್ತದೆ. ಭೂಮಿಪೂಜೆಗೆ ಈ ಸಾಲಿನಲ್ಲಿ ಗೊತ್ತಾದ ಜಾಗವಿಲ್ಲ, ಅದು ಎಲ್ಲಿ ಬೇಕಾದರೂ ಬರುತ್ತದೆ. ಹಾಗಾಗಿ ಪೂಜೆಯ ಫೋಟೋ ನೋಡಿ "ಕೆಲಸ ಶುರು" ಎಂದು ಬರೆಯಬೇಡಿ. "ಪೂಜೆ ಆಗಿದೆ, ಕಾರ್ಯಾದೇಶ ನೋಡಿಲ್ಲ" ಎಂದು ಬರೆಯಿರಿ.

ಟೆಂಡರ್ ಆಗಿದೆಯೇ ಎಂದು ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ, ಎಲ್ಲರೂ ಕೆಪಿಪಿಪಿ ಅನ್ನುವುದು ಅದನ್ನೇ, ಹುಡುಕಬಹುದು. ಕಾಮಗಾರಿಯ ಹೆಸರು ಹೆಚ್ಚಾಗಿ "ವಾರ್ಡ್ ನಂ. ಇಂತಿಷ್ಟರಲ್ಲಿ ಇಂಥವರ ಮನೆಯಿಂದ ಇಂಥವರ ಮನೆವರೆಗೆ ಸಿ.ಸಿ. ರಸ್ತೆ ಮತ್ತು ಚರಂಡಿ" ಎಂಬ ಧಾಟಿಯಲ್ಲಿರುತ್ತದೆ. ಬಡಾವಣೆಯ ಹೆಸರಿಗೆ ಸಿಗದಿದ್ದರೆ ಗುಡಿ, ಮಸೀದಿ, ಶಾಲೆಯ ಹೆಸರು ಹಾಕಿ ನೋಡಿ. ವಾರ್ಡ್ ನಂಬರೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ: 2021ರ ಚುನಾವಣೆ ನಡೆದದ್ದು 39 ವಾರ್ಡುಗಳಿಗೆ, ಅದಕ್ಕಿಂತ ಹಳೆಯ ಕಾಗದದ ನಂಬರು ಬೇರೆ ಓಣಿಯದ್ದಾಗಿರಬಹುದು.

ದುಡ್ಡು ಯಾರದು ಎಂಬುದನ್ನೂ ಒಂದು ಸಾಲು ಬರೆಯಿರಿ. ಬಳ್ಳಾರಿಯಲ್ಲಿ ಪಾಲಿಕೆಯ ಸ್ವಂತ ನಿಧಿ, ಹಣಕಾಸು ಆಯೋಗದ ಅನುದಾನ ಅಲ್ಲದೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಲ್ಲೂ ಕೆಲಸ ನಡೆಯುತ್ತದೆ. ಅದನ್ನು ಮಾಡಿಸುವ ಇಲಾಖೆ ಬೇರೆಯಾಗಿದ್ದರೆ ಪಾಲಿಕೆಯ ಕಿರಿಯ ಇಂಜಿನಿಯರ್ (ಜೆಇ) "ನಮ್ಮದಲ್ಲ" ಎನ್ನುವುದು ಸುಳ್ಳಲ್ಲ. ಹಾಗೆಯೇ ಹೆದ್ದಾರಿಯ ಗುಂಡಿ ಹೆದ್ದಾರಿಯವರದ್ದು. ನಗರಾಭಿವೃದ್ಧಿ ಪ್ರಾಧಿಕಾರದ, ಅಂದರೆ ಬುಡಾದ, ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗಿರದಿದ್ದರೆ ಅಲ್ಲಿನ ಚರಂಡಿಗೂ ಬುಡಾವನ್ನೇ ಕೇಳಬೇಕು.

ನೀರಿನ ಸುದ್ದಿಗೆ ಆತುರ ಹೆಚ್ಚು, ಆಯಸ್ಸು ಕಡಿಮೆ. ಊರಿನ ನೀರು ಬಹುಪಾಲು ತುಂಗಭದ್ರಾ ಕಾಲುವೆಯಿಂದ ಅಲ್ಲೀಪುರ ಕೆರೆಯಂಥ ಸಂಗ್ರಹಗಳಿಗೆ ಬಂದು ಅಲ್ಲಿಂದ ನಳಕ್ಕೆ ಬರುತ್ತದೆ. ಆದ್ದರಿಂದ ಬೇಸಿಗೆಯ ಸುದ್ದಿ ಶುರುವಾಗುವುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ. ಕಾಲುವೆಗೆ ಎಂದಿನವರೆಗೆ ನೀರು ಎಂಬ ತೀರ್ಮಾನ ಪತ್ರಿಕೆಯಲ್ಲಿ ಬಂದ ದಿನವೇ ಗುರುತು ಹಾಕಿಕೊಳ್ಳಿ. ಕಾಲುವೆ ನಿಂತ ಮೇಲೆ ಕೆರೆಯಲ್ಲಿದ್ದದ್ದೇ ಗತಿ, ಸರದಿಯ ಅಂತರ ಹಿಗ್ಗುತ್ತದೆ. ಜಲಾಶಯದಲ್ಲಿ ಇಷ್ಟು ಟಿಎಂಸಿ ಇದೆ ಎಂಬ ಲೆಕ್ಕವನ್ನು ಮಾತ್ರ ದಿನಾ ಹಾಕಬೇಡಿ. ಅದರಿಂದ ನಾಳೆ ನಳ ಬರುತ್ತದೋ ಇಲ್ಲವೋ ತಿಳಿಯುವುದಿಲ್ಲ.

ನೀರಿನ ಸಂದೇಶ ಹೀಗಿರಲಿ:

"2ನೇ ಕ್ರಾಸ್, 3ನೇ ಕ್ರಾಸ್ ಮಾತ್ರ. ನೀರು ಗುರುವಾರ ಬೆಳಿಗ್ಗೆ 6ಕ್ಕೆ. ಹೇಳಿದವರು ವಾಲ್ವ್‌ಮನ್, ಬುಧವಾರ ಸಂಜೆ 5ಕ್ಕೆ. ಕರೆಂಟ್ ಹೋದರೆ ತಡ. ಶುಕ್ರವಾರದ ನಂತರ ಈ ಸಂದೇಶ ಲೆಕ್ಕಕ್ಕಿಲ್ಲ."

ಕೊನೆಯ ಸಾಲು ಬಿಟ್ಟರೆ ಅದೇ ಸಂದೇಶ ಮುಂದಿನ ವಾರವೂ ಫಾರ್ವರ್ಡ್ ಆಗಿ, ಜನ ಬೆಳಗಿನ ಜಾವ ಎದ್ದು ಕೊಡ ಹಿಡಿದು ಕೂರುತ್ತಾರೆ. "ನಾಳೆ" ಎಂದು ಬರೆಯಲೇಬೇಡಿ, ವಾರದ ಹೆಸರು ಬರೆಯಿರಿ. ವಾಲ್ವ್‌ಮನ್, ಪೌರಕಾರ್ಮಿಕರ ಸ್ವಂತ ನಂಬರು ಗುಂಪಿನಲ್ಲಿ ಹಾಕುವುದು ಬೇಡ. ದಿನಕ್ಕೆ ನೂರು ಕರೆ ಬಂದರೆ ಅವರು ನಿಮಗೆ ಹೇಳುವುದನ್ನೇ ನಿಲ್ಲಿಸುತ್ತಾರೆ.

ದೂರಿನ ವಿಷಯ. ಬೀದಿದೀಪ ಕೆಟ್ಟರೆ ಪಾಲಿಕೆ. ತಂತಿ ಜೋತುಬಿದ್ದರೆ, ಕರೆಂಟ್ ಹೋದರೆ ವಿದ್ಯುತ್ ಕಂಪನಿ ಜೆಸ್ಕಾಂ, 1912. ಎರಡಕ್ಕೂ ಕಂಬದ ಮೇಲಿನ ನಂಬರ್ ಕೊಡಿ. ಪಾಲಿಕೆಯ ದೂರನ್ನು ಪೌರಾಡಳಿತದ ಜನಹಿತ ವ್ಯವಸ್ಥೆಯಲ್ಲಿ, ಇಲ್ಲವೇ ಜನಸ್ಪಂದನ 1902ರಲ್ಲಿ ದಾಖಲಿಸಿ. ಒಂದು ದೂರಿಗೆ ಒಂದೇ ವಿಷಯ: ಕಸ, ಚರಂಡಿ, ದೀಪ ಮೂರನ್ನೂ ಸೇರಿಸಿದರೆ ಒಂದು ಸರಿಹೋದ ಕೂಡಲೇ ಮೂರೂ ಮುಚ್ಚಿಹೋಗಬಹುದು. ಫೋಟೋದಲ್ಲಿ ಚರಂಡಿಯಷ್ಟೇ ಕಂಡರೆ ಸಾಲದು, ಪಕ್ಕದ ಅಂಗಡಿಯ ಬೋರ್ಡೂ ಕಾಣಬೇಕು. ಕೆಲಸವಾಗದೆ "ಪರಿಹರಿಸಲಾಗಿದೆ" ಎಂದು ಬಂದರೆ ಹೊಸ ಫೋಟೋ ತೆಗೆದು, ಹಳೆಯ ದೂರಿನ ಸಂಖ್ಯೆ ಬರೆದೇ ಮತ್ತೆ ಹಾಕಿ. ಗುಂಪಿಗೆ ದೂರಿನ ಸಂಖ್ಯೆ ಹಾಕುವುದು ಮುಖ್ಯ. ಆಗ ಹತ್ತು ಜನ ಒಂದೇ ದೂರು ಬರೆಯುವುದು ತಪ್ಪುತ್ತದೆ. ಗೊತ್ತಾದ ದಿನದೊಳಗೆ ಸೇವೆ ಕೊಡಬೇಕೆನ್ನುವ ಸಕಾಲ ಕಾಯ್ದೆಯಡಿ ಬರುವ ಸೇವೆಗೆ ಅರ್ಜಿ ಕೊಟ್ಟವರು ಸ್ವೀಕೃತಿಯ ಜಿ.ಎಸ್.ಸಿ. ಸಂಖ್ಯೆ ಇಲ್ಲದೆ ಕೌಂಟರ್ ಬಿಟ್ಟು ಬರಬಾರದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳುವ ಹಕ್ಕು ಆ ಸಂಖ್ಯೆಯಿಂದಲೇ.

ಕಾರ್ಯಾದೇಶ ಬಾಯಿಮಾತಲ್ಲಿ ಕೇಳಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. "ರಸ್ತೆ ಏಕೆ ಹೀಗಾಯಿತು" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂಬ ಉತ್ತರ ಬರುತ್ತದೆ. "ಈ ಕಾಮಗಾರಿಯ ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ದೃಢೀಕೃತ ಪ್ರತಿ ಕೊಡಿ" ಎಂದು ಕೇಳಿ.

ವರ್ಷಕ್ಕೊಮ್ಮೆ ತಪ್ಪದೆ ಕಳಿಸಬೇಕಾದದ್ದು ಆಸ್ತಿ ತೆರಿಗೆಯ ಸಂದೇಶ, ಅದೂ ಮಾರ್ಚ್ ಕೊನೆಯ ವಾರದಲ್ಲಿ. ಏಪ್ರಿಲ್‌ನಲ್ಲಿ ಪೂರ್ತಿ ಕಟ್ಟಿದರೆ 5% ರಿಯಾಯಿತಿ, ಮೇ ಮತ್ತು ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ ದಂಡವೂ ಇಲ್ಲ, ಜುಲೈನಿಂದ ತಿಂಗಳಿಗೆ 2% ದಂಡ. ಕೆಲವು ವರ್ಷ ಸರ್ಕಾರ ರಿಯಾಯಿತಿ ಅವಧಿ ವಿಸ್ತರಿಸುತ್ತದೆ. ಆದೇಶದ ಪ್ರತಿ ನೋಡುವವರೆಗೆ ಅದನ್ನು ಹಾಕಬೇಡಿ.

ಗುಂಪನ್ನು ಅಡ್ಮಿನ್‌ಗಳಷ್ಟೇ ಬರೆಯುವಂತೆ ಇಡಿ, ಹರಟೆಗೆ ಬೇರೆ ಗುಂಪಿರಲಿ. ಕೌಲ್ ಬಜಾರ್‌ನಂಥ ಕಡೆ ಕನ್ನಡದ ಜೊತೆ ತೆಲುಗು, ಉರ್ದುವಿನಲ್ಲಿ ಅರ್ಧ ನಿಮಿಷದ ಧ್ವನಿ ಸಂದೇಶವೂ ಬೇಕು. ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ ಹಾಲಿನ ಅಂಗಡಿ, ನ್ಯಾಯಬೆಲೆ ಅಂಗಡಿ ಮುಂದೆ ಒಂದು ಹಾಳೆ ದಪ್ಪ ಅಕ್ಷರದಲ್ಲಿ ಅಂಟಿಸಿ. ಹೊಸದು ಅಂಟಿಸುವ ಮೊದಲು ಹಳೆಯದನ್ನು ಕಿತ್ತುಹಾಕಿ.

ತಪ್ಪು ಸಂದೇಶ ಹೋದರೆ ಸುಮ್ಮನೆ ಅಳಿಸಬೇಡಿ, ಅಷ್ಟೊತ್ತಿಗೆ ಅದು ಇನ್ನೂ ನಾಲ್ಕು ಗುಂಪು ದಾಟಿರುತ್ತದೆ. ಅದಕ್ಕೇ ರಿಪ್ಲೈ ಒತ್ತಿ, "ತಿದ್ದುಪಡಿ" ಎಂದು ಮೊದಲ ಪದದಲ್ಲೇ ಹಾಕಿ, ಸರಿಯಾದದ್ದನ್ನು ಬರೆದು, ಯಾರನ್ನು ಕೇಳಿ ತಿಳಿದಿರಿ ಎಂಬುದನ್ನೂ ಸೇರಿಸಿ ಕಳಿಸಿ.