ಮೊದಲ ಐದು ಕಿಲೋಮೀಟರ್ ಓಡಲು ನಾನು ಕಲಿತದ್ದು

ನನ್ನ ಮೊದಲ ಮ್ಯಾರಥಾನಿನಲ್ಲಿ 31ನೆಯ ಕಿಲೋಮೀಟರಿನ ಫಲಕ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾನು ನಡೆಯತೊಡಗಿದ್ದೆ. ಉಸಿರು ಸಹಜವಾಗಿಯೇ ಇತ್ತು, ಎಲ್ಲಿಯೂ ನೋವಿರಲಿಲ್ಲ, ಆದರೆ ತೊಡೆಗಳು ನೀರಿನಲ್ಲಿ ನೆನೆದ ಮರದ ತುಂಡುಗಳಂತಾಗಿ ಮುಂದಿನ ಹೆಜ್ಜೆಯನ್ನು ಎತ್ತಿಡಲು ಒಪ್ಪಲಿಲ್ಲ. 4 ಗಂಟೆ 20 ನಿಮಿಷಗಳಲ್ಲಿ ಮುಗಿಸಬೇಕೆಂದುಕೊಂಡಿದ್ದ ಓಟ 4 ಗಂಟೆ 51 ನಿಮಿಷಗಳಿಗೆ ಮುಗಿಯಿತು. ಅಂದು ಸಂಜೆ, ಎದೆಯ ಮೇಲೆ ಸಿಕ್ಕಿಸುವ ಓಟಗಾರನ ಸಂಖ್ಯೆಯ ಹಾಳೆಯಾದ ಬಿಬ್‌ನ ಹಿಂದಿನ ಚಿಪ್ ಪ್ರತಿ 5 ಕಿ.ಮೀ.ಗೆ ದಾಖಲಿಸಿದ್ದ ಸಮಯಗಳನ್ನು ಒಂದೊಂದಾಗಿ ನೋಡುತ್ತಾ ಹೋದಾಗ ಕಾರಣ ಮೊದಲ ಸಾಲಿನಲ್ಲಿಯೇ ಸಿಕ್ಕಿತು. ಕಿಲೋಮೀಟರಿಗೆ 6 ನಿಮಿಷ 10 ಸೆಕೆಂಡಿನಂತೆ ಮೊದಲ 5 ಕಿ.ಮೀ.ಗೆ 30 ನಿಮಿಷ 50 ಸೆಕೆಂಡು ಹಿಡಿಯಬೇಕಿತ್ತು. ನಾನು ಅದನ್ನು 28 ನಿಮಿಷ 45 ಸೆಕೆಂಡುಗಳಲ್ಲಿ ಓಡಿದ್ದೆ. ಅಲ್ಲಿ ಉಳಿಸಿದ ಎರಡು ನಿಮಿಷಗಳಿಗಾಗಿ ಕೊನೆಯಲ್ಲಿ ಅರ್ಧ ಗಂಟೆಯನ್ನು ತೆತ್ತಿದ್ದೆ.

ತಯಾರಿಯಲ್ಲಿ ಕೊರತೆ ಇತ್ತೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. 18 ವಾರಗಳ ಕಾಲ ವಾರಕ್ಕೆ ನಾಲ್ಕು ದಿನ ಓಡಿದ್ದೆ, 32 ಕಿ.ಮೀ.ಗಳ ಲಾಂಗ್ ರನ್ನನ್ನು ಮೂರು ಬಾರಿ ಮುಗಿಸಿದ್ದೆ, ಕೊನೆಯ ಮೂರು ವಾರ ಓಟವನ್ನು ಹಂತಹಂತವಾಗಿ ಇಳಿಸಿ ಕಾಲುಗಳಿಗೆ ವಿಶ್ರಾಂತಿ ಕೊಟ್ಟಿದ್ದೆ. ಆದರೆ ಅಷ್ಟನ್ನೂ ನಸುಕಿನ ಖಾಲಿ ರಸ್ತೆಗಳಲ್ಲಿ ಒಬ್ಬಂಟಿಯಾಗಿ ಮಾಡಿದ್ದೆ. ದೊಡ್ಡ ನಗರದ ಮ್ಯಾರಥಾನ್ ಎಂದರೆ ಏನೆಂಬ ಅಂದಾಜು ನನಗಿರಲಿಲ್ಲ. 1970ರಲ್ಲಿ ನ್ಯೂಯಾರ್ಕಿನ ಮೊದಲ ಮ್ಯಾರಥಾನ್ ಒಂದು ಉದ್ಯಾನವನ್ನು ಸುತ್ತುವ ಓಟವಾಗಿತ್ತು, ಅದರಲ್ಲಿ ಓಡಲು ನಿಂತವರು 127 ಮಂದಿ. 2019ರಲ್ಲಿ ಅದೇ ಮ್ಯಾರಥಾನನ್ನು 53,000ಕ್ಕೂ ಹೆಚ್ಚು ಜನ ಪೂರ್ಣಗೊಳಿಸಿದರು. ಓಡಬೇಕಾದ ದೂರ ಬದಲಾಗಿಲ್ಲವಾದರೂ ಇವೆರಡೂ ಬೇರೆ ಬೇರೆ ಬಗೆಯ ಓಟಗಳು, ಮತ್ತು ಎರಡನೆಯದಕ್ಕೆ ಪ್ರತ್ಯೇಕ ಅಭ್ಯಾಸ ಬೇಕು ಎಂಬುದನ್ನು ನಾನು ಒಂದು ಓಟವನ್ನು ಕೆಡಿಸಿಕೊಂಡು ತಿಳಿದೆ.

ಓಟಕ್ಕೆ ಎರಡು ಗಂಟೆ ಮೊದಲೇ ನಮಗೆ ಸೂಚಿಸಿದ್ದ ಆವರಣವನ್ನು ಸೇರಬೇಕಿತ್ತು. ಹಿಂದಿನ ಓಟಗಳ ಸಮಯವನ್ನು ನೋಡಿ ಓಟಗಾರರನ್ನು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪು ಹೊರಟ ಮೇಲೆ ಮತ್ತೊಂದನ್ನು ಬಿಡುತ್ತಾರೆ. ಚಳಿ, ಶೌಚಾಲಯದ ಮುಂದೆ ಕರಗದ ಸಾಲು, ಧ್ವನಿವರ್ಧಕದ ಸಂಗೀತ, ಸುತ್ತಲೂ ಒಂದೇ ಕಾತರದಲ್ಲಿ ಕಾಲು ಕುಣಿಸುತ್ತಿರುವ ಸಾವಿರಾರು ಜನ. ಅಷ್ಟು ಹೊತ್ತು ಅದರಲ್ಲಿ ನಿಂತವರ ಮೈಯಲ್ಲಿ ಅಡ್ರಿನಲಿನ್ ತುಂಬಿ ಹರಿಯುತ್ತಿರುತ್ತದೆ. ಮೂರು ವಾರಗಳ ವಿಶ್ರಾಂತಿಯಿಂದ ಕಾಲುಗಳೂ ಹಗುರಾಗಿರುತ್ತವೆ. ಇವೆರಡೂ ಸೇರಿದಾಗ ವೇಗದ ಅರಿವೇ ತಪ್ಪಿಹೋಗುತ್ತದೆ. ಅಭ್ಯಾಸದಲ್ಲಿ ಶ್ರಮವೆನ್ನಿಸುತ್ತಿದ್ದ 6 ನಿಮಿಷ 10 ಸೆಕೆಂಡಿನ ಪೇಸ್ ಅಂದು ನಡಿಗೆಯಂತೆ ತೋರಿತು. ಮುಂದಿದ್ದವರನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನುಸುಳಿ ದಾಟುತ್ತಾ ಹೋದೆ, ಅದು ನನ್ನ ಸಿದ್ಧತೆಯ ಫಲವೆಂದೇ ನಂಬಿದ್ದೆ.

ಆ ಉತ್ಸಾಹದ ಬೆಲೆ ಏನೆಂಬುದನ್ನು ಲೆಕ್ಕ ಹಾಕಿ ತೋರಿಸಬಹುದು. ಸಮತಟ್ಟಾದ ರಸ್ತೆಯಲ್ಲಿ ಓಡಲು ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲರಿ ವೆಚ್ಚವಾಗುತ್ತದೆ. ನನ್ನ ತೂಕ 68 ಕೆ.ಜಿ. ಆದ್ದರಿಂದ ಇಡೀ ಓಟಕ್ಕೆ ಸುಮಾರು 2,870 ಕಿಲೋಕ್ಯಾಲರಿ ಬೇಕು. ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟಿರುವ ಶಕ್ತಿ ಸುಮಾರು 2,000 ಕಿಲೋಕ್ಯಾಲರಿ. ಉಳಿದದ್ದು ಕೊಬ್ಬಿನಿಂದ ಬರಬೇಕು. ನಿಧಾನವಾಗಿ ಓಡಿದರೆ ದೇಹ ಕೊಬ್ಬನ್ನು ಹೆಚ್ಚು ಬಳಸುತ್ತದೆ, ವೇಗ ಹೆಚ್ಚಿದಷ್ಟೂ ಗ್ಲೈಕೊಜೆನ್ನಿನ ಪಾಲು ಏರುತ್ತದೆ. ಆರಂಭದಲ್ಲಿ ಕಿಲೋಮೀಟರಿಗೆ 25 ಸೆಕೆಂಡು ಬೇಗ ಓಡಿದ ನಾನು, 35ನೆಯ ಕಿಲೋಮೀಟರಿಗೆ ಬೇಕಾಗಿದ್ದ ಇಂಧನವನ್ನು 5ನೆಯ ಕಿಲೋಮೀಟರಿನಲ್ಲಿಯೇ ಸುಟ್ಟುಕೊಂಡಿದ್ದೆ. ಓಟಗಾರರು 'ಗೋಡೆ'ಗೆ ಬಡಿಯುವುದು ಎಂದು ಹೇಳುವುದು ಬಹುಪಾಲು ಇದನ್ನೇ.

ಎರಡನೆಯ ತಪ್ಪು ದೂರದ ಲೆಕ್ಕದ್ದು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿಸಿದ 42.195 ಕಿ.ಮೀ. ದೂರವನ್ನು 1921ರಲ್ಲಿ ಮ್ಯಾರಥಾನಿನ ಅಧಿಕೃತ ದೂರವೆಂದು ನಿಗದಿಪಡಿಸಲಾಯಿತು. ಅಧಿಕೃತ ಮಾರ್ಗವನ್ನು, ಮುಂದಿನ ಚಕ್ರಕ್ಕೆ ಎಣಿಕೆಯಂತ್ರ ಕಟ್ಟಿದ ಸೈಕಲ್ ತುಳಿದು ಅಳೆಯುತ್ತಾರೆ. ತಿರುವುಗಳಲ್ಲಿ ರಸ್ತೆಯ ಅಂಚಿನಿಂದ ಕೇವಲ 30 ಸೆಂ.ಮೀ. ದೂರದಲ್ಲಿ, ಓಟಗಾರನಿಗೆ ಸಾಧ್ಯವಿರುವ ಅತ್ಯಂತ ಹತ್ತಿರದ ದಾರಿಯಲ್ಲಿ ಸೈಕಲ್ ಸಾಗುತ್ತದೆ. ಎಲ್ಲಿಯೂ ದೂರ ಕಡಿಮೆಯಾಗದಿರಲೆಂದು ಪ್ರತಿ ಕಿಲೋಮೀಟರಿಗೆ 1 ಮೀಟರ್ ಸೇರಿಸುವ ಪದ್ಧತಿಯೂ ಇದೆ. ಜನಸಂದಣಿಯ ನಡುವೆ ಆ ಗೆರೆಯ ಮೇಲೆಯೇ ಓಡುವುದು ನನ್ನಂಥವರಿಗೆ ಆಗುವ ಮಾತಲ್ಲ. ಪ್ರತಿ ಬಾರಿ ಒಬ್ಬರನ್ನು ಸುತ್ತಿ ದಾಟಿದಾಗ, ತಿರುವನ್ನು ಹೊರಗಿನಿಂದ ಬಳಸಿದಾಗ, ನೀರಿಗಾಗಿ ರಸ್ತೆಯ ಒಂದು ಬದಿಯಿಂದ ಇನ್ನೊಂದಕ್ಕೆ ಹೋದಾಗ ಕೆಲವು ಮೀಟರುಗಳು ಕೂಡುತ್ತಾ ಹೋಗುತ್ತವೆ. ಜೊತೆಗೆ, ಎತ್ತರದ ಕಟ್ಟಡಗಳ ನಡುವೆ ಉಪಗ್ರಹದ ಸಂಕೇತ ಗೋಡೆಗಳಿಗೆ ತಗುಲಿ ಚದುರುವುದರಿಂದ ಕೈಗಡಿಯಾರವೂ ತಪ್ಪು ಹೇಳುತ್ತದೆ. ಒಂದು ಕಡೆ ನನ್ನ ಗಡಿಯಾರ ಕಿಲೋಮೀಟರಿಗೆ 4 ನಿಮಿಷ 50 ಸೆಕೆಂಡು ಎಂದು ತೋರಿಸಿತು, ಮರುಗಳಿಗೆಯಲ್ಲಿಯೇ 7 ನಿಮಿಷ ಎಂದಿತು.

ಎರಡನೆಯ ಮ್ಯಾರಥಾನಿಗೆ ತಯಾರಾಗುವಾಗ ಓಡುವ ಪ್ರಮಾಣವನ್ನು ನಾನು ಹೆಚ್ಚಿಸಲಿಲ್ಲ. ಗುರಿಯನ್ನು 4 ಗಂಟೆ 27 ನಿಮಿಷಕ್ಕೆ ಸಡಿಲಿಸಿದೆ, ಅಂದರೆ ಕಿಲೋಮೀಟರಿಗೆ 6 ನಿಮಿಷ 20 ಸೆಕೆಂಡು. ಹಾಗೆ ಸುತ್ತಿ ಬಳಸಿ ಓಡುವುದರಿಂದ ಕೂಡುವ ಹೆಚ್ಚುವರಿ ಅರ್ಧ ಕಿಲೋಮೀಟರನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಗಡಿಯಾರದಲ್ಲಿ ಕಾಣಬೇಕಾದ ಸರಾಸರಿಯನ್ನು 6 ನಿಮಿಷ 15 ಸೆಕೆಂಡು ಎಂದು ಇಟ್ಟುಕೊಂಡೆ. ಗಡಿಯಾರ ತಾನಾಗಿ ಕಿಲೋಮೀಟರ್ ಎಣಿಸುವುದನ್ನು ನಿಲ್ಲಿಸಿ, ರಸ್ತೆಯ ಫಲಕ ದಾಟಿದಾಗ ನಾನೇ ಗುಂಡಿ ಒತ್ತುವ ಅಭ್ಯಾಸ ಮಾಡಿಕೊಂಡೆ. ಎರಡು ವಾರಕ್ಕೊಮ್ಮೆ ಒಂದು ದೊಡ್ಡ ಗುಂಪಿನ ಜೊತೆ ಓಡಿ, ಮುಂದಿನವರ ಹಿಮ್ಮಡಿ ತುಳಿಯದೆ, ಮೊಣಕೈ ತಾಗಿಸದೆ, ಬೇರೆಯವರ ಹೆಜ್ಜೆಗೆ ನನ್ನ ಹೆಜ್ಜೆಯನ್ನು ಒಪ್ಪಿಸಿಬಿಡದೆ ಸಾಗುವುದನ್ನು ರೂಢಿಸಿಕೊಂಡೆ. ಈ ಕೊನೆಯದು ಹೇಳುವಷ್ಟು ಸುಲಭವಲ್ಲ. ಪಕ್ಕದವರ ಕಾಲಿನ ಸದ್ದು ಕಿವಿಗೆ ಬೀಳುತ್ತಿದ್ದರೆ ನಮ್ಮ ಕಾಲು ನಮಗೆ ತಿಳಿಯದಂತೆಯೇ ಆ ತಾಳಕ್ಕೆ ಬೀಳುತ್ತದೆ.

ಓಟದ ದಿನ ಎಸೆದುಬಿಡಬಹುದಾದ ಹಳೆಯ ಸ್ವೆಟರ್ ತೊಟ್ಟು ಹೋದೆ. ಕಾಯುವ ಹೊತ್ತಿನಲ್ಲಿ ನಿಲ್ಲದೆ ಕುಳಿತೆ. ನಮ್ಮ ಗುಂಪು ಜರುಗುತ್ತಾ ಜರುಗುತ್ತಾ ಆರಂಭದ ಗೆರೆಯ ಮೇಲಿನ ಚಾಪೆಯನ್ನು ದಾಟುವಾಗ ಮೊದಲ ಗುಂಪು ಹೊರಟು 23 ನಿಮಿಷಗಳಾಗಿದ್ದವು. ಚಿಪ್ ಸಮಯ ನಾವು ಚಾಪೆ ತುಳಿದ ಕ್ಷಣದಿಂದಲೇ ಎಣಿಕೆಯಾಗುವುದರಿಂದ ಆ ತಡಕ್ಕೆ ಕಳವಳಪಡುವ ಅಗತ್ಯವಿಲ್ಲ, ಆದರೂ ಕಳೆದ ಬಾರಿ ಅದನ್ನು ತುಂಬಿಕೊಳ್ಳುವ ಆತುರವೇ ನನ್ನನ್ನು ಓಡಿಸಿತ್ತು. ಈ ಬಾರಿ ಮೊದಲ 5 ಕಿ.ಮೀ. ಯಾರನ್ನೂ ದಾಟುವುದಿಲ್ಲ ಎಂಬ ಒಂದೇ ನಿಯಮ ಇಟ್ಟುಕೊಂಡಿದ್ದೆ. ಒಂದು ಪೂರ್ತಿ ವಾಕ್ಯವನ್ನು ತಡೆಯಿಲ್ಲದೆ ಆಡಲು ಆಗುತ್ತದೆಯೇ ಎಂದು ಆಗಾಗ ಮೆಲುದನಿಯಲ್ಲಿ ಮಾತಾಡಿ ಪರೀಕ್ಷಿಸಿಕೊಂಡೆ. ಎರಡೂ ಕಡೆಯಿಂದ ಜನ ನನ್ನನ್ನು ಹಿಂದಿಕ್ಕಿ ಹೋಗುತ್ತಲೇ ಇದ್ದರು. ಅದನ್ನು ಸಹಿಸುವುದು ಇಡೀ ಓಟದಲ್ಲಿ ನನಗೆ ಅತ್ಯಂತ ಕಷ್ಟವಾದ ಕೆಲಸವಾಗಿತ್ತು, 38ನೆಯ ಕಿಲೋಮೀಟರಿಗಿಂತಲೂ ಕಷ್ಟವಾದದ್ದು. 5 ಕಿ.ಮೀ. ಚಾಪೆ ದಾಟಿದಾಗ 32 ನಿಮಿಷ 55 ಸೆಕೆಂಡು ಕಳೆದಿತ್ತು. ಯೋಜನೆಗಿಂತ ಸುಮಾರು ಒಂದೂಕಾಲು ನಿಮಿಷ ಹಿಂದಿದ್ದೆ, ಹಿಂದೆಯೇ ಇರಲು ಬಿಟ್ಟೆ.

ರಸ್ತೆಯ ಅಂಚಿನಲ್ಲಿ ಜಾಗ ಹೆಚ್ಚೆಂದು ಮೊದಲ ಓಟದಲ್ಲಿ ಬಹಳ ದೂರ ಅಲ್ಲಿಯೇ ಓಡಿದ್ದೆ. ಮಳೆನೀರು ಹರಿಯಲೆಂದು ರಸ್ತೆ ಅಂಚಿಗೆ ಇಳಿಜಾರಾಗಿರುವುದರಿಂದ ಒಂದು ಕಾಲು ಸದಾ ತಗ್ಗಿನಲ್ಲಿ ಬೀಳುತ್ತದೆ, ಅದರ ನೋವು ಮಂಡಿಯ ಹೊರಬದಿಯಲ್ಲಿ ಎರಡು ವಾರ ಉಳಿದಿತ್ತು. ಹಾಗಾಗಿ ಈ ಬಾರಿ ನಡುವೆಯೇ ಉಳಿದೆ. ನಿಗದಿತ ವೇಗದಲ್ಲಿ ಓಡಿ ಇತರರಿಗೆ ದಾರಿ ತೋರುವ ಪೇಸರ್‌ನ ಬಾವುಟದ ಸುತ್ತಲಿನ ಗುಂಪಿಗೆ ಸೇರಲಿಲ್ಲ. ಮೂವತ್ತು ನಲವತ್ತು ಜನರ ಆ ಒತ್ತಿನಲ್ಲಿ ಮುಂದಿನ ನೆಲ ಕಾಣುವುದಿಲ್ಲ, ನೀರಿನ ಮೇಜು ಬಂದಾಗ ಎಲ್ಲರೂ ಒಮ್ಮೆಗೇ ಒಂದು ಬದಿಗೆ ವಾಲುತ್ತಾರೆ.

ನೀರಿನ ವಿಷಯದಲ್ಲಿ ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಹೊಸಬರಿಗೆ ಸಿಗುವ ಸಲಹೆಗಳಲ್ಲಿ ಅತ್ಯಂತ ಅಪಾಯಕಾರಿಯಾದದ್ದು 'ಬಾಯಾರಿಕೆಯಾಗುವ ಮೊದಲೇ ಸಾಧ್ಯವಾದಷ್ಟು ಕುಡಿ' ಎಂಬುದು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ಓಟ ಮುಗಿಸಿದ 488 ಮಂದಿಯ ರಕ್ತವನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 13ರಷ್ಟು ಜನರ ಸೋಡಿಯಂ ಮಟ್ಟ ಇರಬೇಕಾದುದಕ್ಕಿಂತ ಕಡಿಮೆ ಇತ್ತು. ಓಟದ ನಡುವೆ ಅತಿಯಾಗಿ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲಿಯೂ 4 ಗಂಟೆಗಳಿಗಿಂತ ಹೆಚ್ಚು ಕಾಲ ಓಡಿದವರಲ್ಲಿಯೂ ಅದು ಹೆಚ್ಚಾಗಿ ಕಂಡಿತು. ನಾನು ಆ ಎರಡನೆಯ ವರ್ಗಕ್ಕೆ ಸೇರಿದವ. ರಕ್ತದ ಸೋಡಿಯಂ ತೀರಾ ಇಳಿದರೆ ಮಿದುಳು ಊದಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಆದ್ದರಿಂದ ಬಾಯಾರಿಕೆಯಾದಾಗ ಮಾತ್ರ ಎರಡು ಮೂರು ಗುಟುಕು ಕುಡಿದೆ, ಒಮ್ಮೆ ನೀರಾದರೆ ಮತ್ತೊಮ್ಮೆ ಲವಣ ಬೆರೆಸಿದ ಪಾನೀಯ. ಮೊದಲ ಮೇಜಿಗೆ ಎಲ್ಲರೂ ಮುಗಿಬೀಳುವುದರಿಂದ ಕೊನೆಯ ಮೇಜಿನವರೆಗೂ ಓಡಿ ಅಲ್ಲಿ ಲೋಟ ತೆಗೆದುಕೊಳ್ಳುತ್ತಿದ್ದೆ. ಕಾಗದದ ಲೋಟದ ಬಾಯನ್ನು ಬೆರಳುಗಳಿಂದ ಹಿಚುಕಿ ಕೊಕ್ಕಿನಂತೆ ಮಾಡಿಕೊಂಡರೆ ಓಡುತ್ತಲೇ ಕುಡಿಯಬಹುದು, ನೀರು ಮೂಗಿಗೆ ನುಗ್ಗುವುದಿಲ್ಲ. 25 ಗ್ರಾಂ ಕಾರ್ಬೋಹೈಡ್ರೇಟ್ ಇರುವ ಜೆಲ್ ಪೊಟ್ಟಣಗಳನ್ನು 40 ನಿಮಿಷಕ್ಕೊಂದರಂತೆ ಆರು ಬಾರಿ ತೆಗೆದುಕೊಂಡೆ. ಮೊದಲನೆಯದನ್ನು ನುಂಗುವಾಗ ಅದರ ಅಗತ್ಯವೇ ಅನ್ನಿಸುವುದಿಲ್ಲ. ಅನ್ನಿಸುವವರೆಗೆ ಕಾದರೆ ಹೊತ್ತು ಮೀರಿರುತ್ತದೆ.

ಅರ್ಧ ದೂರವನ್ನು 2 ಗಂಟೆ 14 ನಿಮಿಷ 40 ಸೆಕೆಂಡುಗಳಲ್ಲಿ ದಾಟಿದೆ. ಅದರ ಬಳಿಕ ನೋಡುವ ಜನರಿಲ್ಲದ ಒಂದು ಉದ್ದನೆಯ ಸೇತುವೆ ಬಂತು. ಸಂಗೀತವಿಲ್ಲ, ಕೂಗಿಲ್ಲ, ಸಾವಿರಾರು ಶೂಗಳು ನೆಲಕ್ಕೆ ಬೀಳುವ ಸದ್ದು ಮಾತ್ರ, ಒಣಗಿದ ಎಲೆಗಳ ರಾಶಿಯ ಮೇಲೆ ಮಳೆ ಬಿದ್ದಂತೆ. ಯಾರೂ ಮಾತಾಡುತ್ತಿರಲಿಲ್ಲ. ಆ ಹತ್ತು ನಿಮಿಷಗಳಷ್ಟು ನಿಶ್ಚಿಂತೆಯಿಂದ ನಾನು ಎಂದೂ ಓಡಿಲ್ಲ.

31ನೆಯ ಫಲಕ ಬಂದಾಗ ಹೆದರಿಕೆಯಾಯಿತು. ಅಲ್ಲಿಂದ ಮುಂದೆ ರಸ್ತೆಯ ಇಬ್ಬದಿಯಲ್ಲಿ ನಡೆಯುತ್ತಿದ್ದವರಲ್ಲಿ, ಬೇಲಿಗೆ ಕೈಕೊಟ್ಟು ಮೀನಖಂಡ ನೀವಿಕೊಳ್ಳುತ್ತಿದ್ದವರಲ್ಲಿ, ಮೊದಲ 5 ಕಿ.ಮೀ.ನಲ್ಲಿ ನನ್ನನ್ನು ದಾಟಿ ಹೋಗಿದ್ದ ಕೆಲವರ ಅಂಗಿಗಳನ್ನು ಗುರುತಿಸಿದೆ. ಅವರನ್ನು ಹಿಂದಿಕ್ಕುವಾಗ ಗೆದ್ದೆನೆಂಬ ಭಾವ ಬರಲಿಲ್ಲ. ಹಿಂದಿನ ಬಾರಿ ನಾನು ನಿಂತಿದ್ದ ಜಾಗ ಅದು, ಅಲ್ಲಿ ನಿಂತವರಿಗೆ ಹೇಗಿರುತ್ತದೆಂದು ನನಗೆ ಗೊತ್ತಿತ್ತು. 37ರ ನಂತರ ತೊಡೆಗಳು ಬಿಗಿಯತೊಡಗಿದವು, ಆದರೆ ಹೆಜ್ಜೆ ಕಿರಿದು ಮಾಡಿಕೊಂಡರೆ ಅವು ಒಪ್ಪುತ್ತಿದ್ದವು. ಆಗ ಜನಸಂದಣಿ ತೆಗೆದುಕೊಂಡದ್ದನ್ನೆಲ್ಲ ಮರಳಿ ಕೊಡತೊಡಗಿತು. ಬಿಬ್ ಮೇಲಿದ್ದ ಹೆಸರನ್ನು ಓದಿ ಅಪರಿಚಿತರೊಬ್ಬರು ಕೂಗಿದಾಗ ಮೈ ನಿಜವಾಗಿಯೂ ನೆಟ್ಟಗಾಗುತ್ತದೆ. ಇದನ್ನು ನಾನು ಭಾವುಕತೆಯಿಂದ ಹೇಳುತ್ತಿಲ್ಲ, ಬಾಗಿದ್ದ ಬೆನ್ನು ನೆಟ್ಟಗಾಗಿ ಉಸಿರು ಆಳವಾಗುವುದು ಅನುಭವಕ್ಕೆ ಬಂತು. ಗುರಿಯ ಗೆರೆ ದಾಟಿದಾಗ ಮೇಲಿನ ದೊಡ್ಡ ಗಡಿಯಾರ 4:49:52 ಎನ್ನುತ್ತಿತ್ತು, ನನ್ನ ಚಿಪ್ ಸಮಯ 4:26:52. ಕೈಗಡಿಯಾರದಲ್ಲಿ ದೂರ 42.7 ಕಿ.ಮೀ. ಎಂದಿತ್ತು. ಎರಡನೆಯ ಅರ್ಧವನ್ನು ಮೊದಲನೆಯದಕ್ಕಿಂತ ಎರಡೂವರೆ ನಿಮಿಷ ಬೇಗ ಓಡಿದ್ದೆ.

ಮುಗಿದ ಕೂಡಲೇ ಕುಳಿತುಕೊಳ್ಳಬಾರದು. ಓಡುವಾಗ ಮೀನಖಂಡಗಳು ರಕ್ತವನ್ನು ಹೃದಯದತ್ತ ಒತ್ತುತ್ತಿರುತ್ತವೆ; ಥಟ್ಟನೆ ನಿಂತರೆ ರಕ್ತ ಕಾಲುಗಳಲ್ಲಿಯೇ ತಂಗಿ ತಲೆ ಸುತ್ತುತ್ತದೆ. ಮೈ ಬೆಚ್ಚಗಿರಲೆಂದು ಕೊಟ್ಟ ತೆಳು ಹೊದಿಕೆಯ ಹಾಳೆಯನ್ನು ಹೊದ್ದು ಇಪ್ಪತ್ತು ನಿಮಿಷ ನಡೆದೆ.

ಮೂರನೆಯ ವರ್ಷ ನಾನು ಓಡಲಿಲ್ಲ, 34.2 ಕಿ.ಮೀ. ದೂರದಲ್ಲಿದ್ದ ನೀರಿನ ಮೇಜಿನಲ್ಲಿ ಸ್ವಯಂಸೇವಕನಾಗಿ ನಿಂತೆ. ಮುಂಚೂಣಿಯವರು ಲೋಟವನ್ನು ಕಿತ್ತುಕೊಂಡು ಹೋದರು, ನಡುವಿನವರು ನಮ್ಮ ಅಂಗೈ ತುಂಬ ನೀರು ಚೆಲ್ಲಿ ಹೋದರು. ಕೊನೆಯ ಒಂದು ಗಂಟೆಯಲ್ಲಿ ಬಂದವರು ಮಾತ್ರ ನಿಂತು ಪೂರ್ತಿ ಕುಡಿದರು, ಲೋಟವನ್ನು ನಮ್ಮ ಕೈಗೇ ಮರಳಿಸಿದರು, ಮುಖ ನೋಡಿದರು. 'ಇನ್ನೇನು ಬಂದೇಬಿಟ್ಟಿತು' ಎಂದು ಪಕ್ಕದಲ್ಲಿದ್ದ ಹುಡುಗನೊಬ್ಬ ಎಲ್ಲರಿಗೂ ಹೇಳುತ್ತಿದ್ದ. ಮೊದಲ ಓಟದಲ್ಲಿ 32ನೆಯ ಕಿಲೋಮೀಟರಿನ ಬಳಿ ನನಗೂ ಯಾರೋ ಹಾಗೆಂದಿದ್ದರು. ಅದನ್ನು ನಂಬಿ ಪ್ರತಿ ತಿರುವಿನಲ್ಲಿಯೂ ಗುರಿಯನ್ನು ಹುಡುಕಿ, ಕಾಣದೆ ಕುಸಿದಿದ್ದೆ. ಅದನ್ನು ಅವನಿಗೆ ಹೇಳಿದೆ. ಆಮೇಲೆ ಇಬ್ಬರೂ, ಕೇಳಿದವರಿಗೆಲ್ಲ, ಲೋಟ ಕೈಗಿಡುತ್ತಾ ಒಂದೇ ಮಾತು ಹೇಳಿದೆವು: 'ಇನ್ನು ಸರಿಯಾಗಿ 8 ಕಿಲೋಮೀಟರ್ ಇದೆ.'