ವೈಫೈ ರೇಡಿಯೊ ತರುವ ಮುಂಚೆ

ಅಪ್ಪನಿಗೆ ರೇಡಿಯೊ ಇಲ್ಲದೆ ಬೆಳಗ್ಗೆ ಕಾಫಿ ಇಳಿಯುವುದಿಲ್ಲ. ನಮ್ಮ ಫ್ಲಾಟಿನಲ್ಲಿ ಎಫ್‌ಎಂ ಅಂದರೆ ಬರೀ ಕರಕರ. ಅದಕ್ಕೇ ಮನೆಯ ಇಂಟರ್ನೆಟ್‌ನಿಂದ ಸ್ಟೇಷನ್ ಹಿಡಿಯುವ ವೈಫೈ ರೇಡಿಯೊ ತಂದೆವು. ಈಗ ಧಾರವಾಡ ಆಕಾಶವಾಣಿ ಅಡುಗೆಮನೆಯಲ್ಲೇ ಕೇಳಿಸುತ್ತದೆ.

ಮೊದಲ ದಿನ ಮಾತ್ರ ಪಟ್ಟಿಯಲ್ಲಿ ನಮ್ಮ ವೈಫೈ ಹೆಸರೇ ಬರಲಿಲ್ಲ. ರೇಡಿಯೊ ಕೆಟ್ಟಿದೆ ಅಂತ ವಾಪಸ್ ಕಳಿಸುವವನಿದ್ದೆ. ಆಮೇಲೆ ಗೊತ್ತಾಯಿತು, ರೂಟರ್ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬಗೆಯ ವೈಫೈ ಕೊಡುತ್ತದೆ, ಇಂಥ ಎಷ್ಟೋ ರೇಡಿಯೊಗಳು 2.4 ಮಾತ್ರ ಹಿಡಿಯುತ್ತವೆ. ನಾನೇ ರೂಟರಿನಲ್ಲಿ ಅದನ್ನು ಆಫ್ ಮಾಡಿ 5 ಮಾತ್ರ ಇಟ್ಟಿದ್ದೆ! ಪಾಸ್‌ವರ್ಡ್ ಕೂಡ ಗುಂಡಿ ತಿರುಗಿಸಿ ಒಂದೊಂದೇ ಅಕ್ಷರ ಹಾಕಬೇಕು. ಉದ್ದ ಇದ್ದರೆ ಕೈ ನೋವು ಗ್ಯಾರಂಟಿ.

ಡೇಟಾ ಚಿಂತೆ ಜಾಸ್ತಿ ಬೇಡ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್ ಡೇಟಾ) ಸ್ಟೇಷನ್ ಗಂಟೆಗೆ ಸುಮಾರು 58 ಎಂಬಿ ತಿನ್ನುತ್ತದೆ, ಅಷ್ಟೇ. ಕರೆಂಟ್ ಹೋದರೆ ರೂಟರೂ ಹೋಗುತ್ತದೆ, ಅದಕ್ಕೊಂದು ಪುಟ್ಟ ಯುಪಿಎಸ್ ಇರಲಿ.

ಇನ್ನೊಂದು ವಿಷಯ. ಸ್ಟೇಷನ್‌ಗಳ ಪಟ್ಟಿ ಸಾಮಾನ್ಯವಾಗಿ ಕಂಪನಿಯ ಸರ್ವರ್‌ನಿಂದ ಬರುತ್ತದೆ. ಅವರು ಅದನ್ನು ನಿಲ್ಲಿಸಿದರೆ ಪಟ್ಟಿಯೇ ಮಾಯ. ಹಾಗಾಗಿ ಬ್ಲೂಟೂತ್ ಇರುವುದನ್ನೇ ತಗೊಳ್ಳಿ, ಫೋನಿನಿಂದಾದರೂ ಹಾಡು ಕೇಳಬಹುದು, ಅಲ್ವಾ? ಮತ್ತೆ, ಇದರ ವಾರ್ತೆ ಕೇಳಿ ಗಡಿಯಾರ ಸರಿಮಾಡಬೇಡಿ. ದನಿ ಸ್ವಲ್ಪ ತಡವಾಗಿಯೇ ಬರುತ್ತದೆ.