ಗೇಟಿನಿಂದ ಲೈನ್‌ಮನೆಯವರೆಗೆ: ಕೊಡಗಿನಲ್ಲಿ ಆಂಬುಲೆನ್ಸ್ ಓಡಿಸಿದ ನನ್ನ ಅನುಭವ

ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಎಂಬ ಹೆಸರಿನ 108 ಆಂಬುಲೆನ್ಸ್ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು. ಅದಕ್ಕೂ ಮೊದಲು ಕೊಡಗಿನ ಒಳಗ್ರಾಮಗಳ ರೋಗಿಗಳಿಗೆ ಹೆಚ್ಚಾಗಿ ತೋಟದ ಮಾಲೀಕರ ಜೀಪೇ ಗತಿ, ಇಲ್ಲವೇ ಬಾಡಿಗೆ ಜೀಪು. ಅಂಥ ಬಾಡಿಗೆ ಜೀಪು ಓಡಿಸುತ್ತಿದ್ದ ನಾನು ಬಳಿಕ 108ಕ್ಕೆ ಚಾಲಕನಾಗಿ, ಅಲ್ಲಿಯವರ ಮಾತಿನಲ್ಲಿ ‘ಪೈಲಟ್’ ಆಗಿ ಸೇರಿದೆ. ಜೀಪಿನಲ್ಲಿ ನಮ್ಮ ಕೈಲಿದ್ದದ್ದು ವೇಗವೊಂದೇ. ಆಂಬುಲೆನ್ಸಿನಲ್ಲಾದರೆ ತರಬೇತಿ ಪಡೆದ ಇಎಂಟಿ (ತುರ್ತು ವೈದ್ಯಕೀಯ ತಂತ್ರಜ್ಞ) ಜೊತೆಗಿರುವುದರಿಂದ ರೋಗಿ ಬಿದ್ದಲ್ಲಿಯೇ ಆರೈಕೆ ಆರಂಭವಾಗುತ್ತದೆ.

ಆದರೆ ಆ ಜಾಗವನ್ನು ತಲುಪುವುದರಲ್ಲೇ ನಮ್ಮಲ್ಲಿ ಹೊತ್ತು ಕಳೆಯುತ್ತದೆ. ಕರೆ ಮಾಡಿದವರು ಗ್ರಾಮದ ಹೆಸರಿಗಿಂತ ತೋಟದ ಹೆಸರನ್ನೇ ಹೇಳುತ್ತಾರೆ. ದೂರದ ಕರೆ ಕೇಂದ್ರದಲ್ಲಿ ಕುಳಿತವರಿಗೆ ಅದು ತಿಳಿಯಬೇಕೆಂದು ನಿರೀಕ್ಷಿಸುವುದೂ ತಪ್ಪು. ಆದ್ದರಿಂದ ಹೊರಟ ಕೂಡಲೇ ಇಎಂಟಿಯಿಂದ ಕರೆ ಮಾಡಿಸಿ, ಹತ್ತಿರದ ಬಸ್ ತಂಗುದಾಣ ಯಾವುದು, ಗೇಟಿಗೆ ಬೀಗವಿದೆಯೇ, ಕಾರ್ಮಿಕರು ವಾಸಿಸುವ ಲೈನ್‌ಮನೆಯವರೆಗೆ ವಾಹನ ಹೋಗುತ್ತದೆಯೇ ಎಂದು ಕೇಳಿಸಿ, ಒಬ್ಬರು ಟಾರ್ಚ್ ಹಿಡಿದು ರಸ್ತೆಗೆ ಬರಲಿ ಎಂದು ಹೇಳಿಸುವ ಪದ್ಧತಿ ಇಟ್ಟುಕೊಂಡೆ. ಅಸ್ಸಾಮಿನ ಕಾರ್ಮಿಕರಿರುವ ತೋಟವಾದರೆ ತೋಟದ ಲೆಕ್ಕ ನೋಡುವ ರೈಟರನ್ನೇ ಫೋನಿಗೆ ಕರೆಸುವುದು ಮೇಲು. ಮಳೆಗಾಲದಲ್ಲಿ ಎರಡನೆಯ ಸಲ ನೆಟ್‌ವರ್ಕ್ ಸಿಗುತ್ತದೆಂದು ನಂಬುವಂತಿಲ್ಲವಾದ್ದರಿಂದ ಇದೆಲ್ಲವೂ ಒಂದೇ ಕರೆಯಲ್ಲಿ ಮುಗಿಯಬೇಕು.

ಕರಿಮೆಣಸು ಕೊಯ್ಯುವ ತಿಂಗಳುಗಳಲ್ಲಿ ಆ ಕರೆಯಲ್ಲಿ ಇನ್ನೊಂದು ಮಾತು ಸೇರುತ್ತದೆ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದವರನ್ನು ಜೊತೆಯವರು ಪಾಪ, ಕೈಕಾಲು ಹಿಡಿದೆತ್ತಿ ಪಿಕಪ್‌ನಲ್ಲಿ ಮಲಗಿಸಿಬಿಡುತ್ತಾರೆ. ಬೆನ್ನೆಲುಬು ಮುರಿದಿದ್ದರೆ ಹೀಗೆ ಎತ್ತುವಾಗಲೇ ನರಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ತಪ್ಪಬಹುದು. ಎಬ್ಬಿಸಿ ಕೂರಿಸಬೇಡಿ, ತಲೆ ಅಲುಗದಂತೆ ಹಿಡಿದುಕೊಳ್ಳಿ, ಬೆನ್ನು ಅಲುಗದಂತೆ ಮಲಗಿಸುವ ಬೋರ್ಡ್ ತರುತ್ತಿದ್ದೇವೆ ಎಂದು ಇಎಂಟಿ ಫೋನಿನಲ್ಲೇ ಹೇಳುತ್ತಾರೆ. ವಾಹನ ಹೋಗದ ಕಡೆ ಆ ಬೋರ್ಡನ್ನು ಕಾಫಿ ಗಿಡಗಳ ನಡುವೆ ಹೊತ್ತು ತರಲು ನಾಲ್ವರಾದರೂ ಬೇಕು.

ದೊಡ್ಡ ಆಸ್ಪತ್ರೆಗೆ ರೆಫರ್ ಆದ ಮೇಲಿನದು ದಾರಿಯ ಲೆಕ್ಕ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಸಂಪಾಜೆ ಘಾಟಿ ಮುಚ್ಚಿದಾಗ, ಮಡಿಕೇರಿಯಿಂದ ನೇರವಾಗಿ ಮಂಗಳೂರಿಗೆ ಇಳಿಯುವ ದಾರಿಯೇ ತಪ್ಪಿ, ಕುಶಾಲನಗರದ ಮೂಲಕ ಮೈಸೂರಿಗೆ ಹೋಗಬೇಕಾಯಿತು. ಮೈಸೂರು ಸುಮಾರು 120 ಕಿಲೋಮೀಟರ್. ಬಿ ಮಾದರಿಯ ಆಮ್ಲಜನಕ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ ಎರಡೂವರೆ ಗಂಟೆಗೆ ಮುಗಿಯುತ್ತದೆ. ದಾರಿಗೆ ಒಂದು ಮರ ಅಡ್ಡ ಬಿದ್ದರೂ ಅದು ಸಾಲದು. ಹಾಗಾಗಿ ಮಳೆಗಾಲದಲ್ಲಿ ತುಂಬಿದ ಎರಡನೆಯ ಸಿಲಿಂಡರ್ ಇಲ್ಲದೆ ನಾನು ಮಡಿಕೇರಿ ಬಿಡುವುದಿಲ್ಲ.